ಬ್ಯಾಂಕು ಕಡಿದುಕೊಂಡ ಶುಲ್ಕವನ್ನು ಗ್ರಾಹಕ ಆಯೋಗದಲ್ಲಿ ಪ್ರಶ್ನಿಸುವ ಬಗೆ

ಬೆಟಗೇರಿಯಲ್ಲಿರುವ ನನ್ನ ಸೋದರತ್ತೆ ಮಗ್ಗದ ಮಜೂರಿ ಜಮೆಯಾಗಲೆಂದು ತೆಗೆಸಿದ್ದ ಉಳಿತಾಯ ಖಾತೆಯ ಪಾಸ್‌ಬುಕ್ಕಿನ ಒಂದು ಪುಟದ ನೆರಳಚ್ಚು ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಆ ಪುಟದಲ್ಲಿ ಹನ್ನೊಂದು ಸಾಲುಗಳಿದ್ದು, ಏಳು ಸಾಲು ಅವರು ಮಾಡಿದ ವ್ಯವಹಾರ, ಉಳಿದ ನಾಲ್ಕು ಬ್ಯಾಂಕು ತಾನೇ ಮಾಡಿಕೊಂಡ ಕಡಿತ. ಮೊದಲ ತಿಂಗಳು ಸರಾಸರಿ ಶಿಲ್ಕು (ಖಾತೆಯಲ್ಲಿ ಉಳಿದಿರುವ ಹಣ) 2,000 ರೂಪಾಯಿ ಇರಬೇಕಾದಲ್ಲಿ 1,640 ಇತ್ತೆಂದು 150 ರೂಪಾಯಿ ದಂಡ, ಅದರ ಮೇಲೆ ಶೇ. 18ರ ಜಿಎಸ್‌ಟಿ 27, ಒಟ್ಟು 177. ಮರುತಿಂಗಳು ಕೊರತೆ 1,700 ರೂಪಾಯಿಗೆ ಏರಿದ್ದರೂ ದಂಡ ಮಾತ್ರ ಅದೇ 177. ಆ ದಿನ ಖಾತೆಯಲ್ಲಿ ಇದ್ದದ್ದು 90 ರೂಪಾಯಿ, ಆದ್ದರಿಂದ ಶಿಲ್ಕು 87 ರೂಪಾಯಿ ಋಣಕ್ಕೆ ಇಳಿಯಿತು. ನೇಯ್ದ ಸೀರೆಯ ಮಜೂರಿ 1,200 ಜಮೆಯಾದ ಕೂಡಲೇ ಆ 87 ಹೋಯಿತು, ಎಸ್‌ಎಂಎಸ್ ಶುಲ್ಕವೆಂದು 17 ರೂಪಾಯಿ 70 ಪೈಸೆ ಹೋಯಿತು, ಮೂರನೆಯ 177 ಸಹ ಹೋಯಿತು. ಶಾಖೆಯಲ್ಲಿ ಕೇಳಿದಾಗ ಬಂದ ಉತ್ತರ ಒಂದೇ: “ಸಿಸ್ಟಮ್ ತಾನ ಕಟ್ ಮಾಡತೈತ್ರೀ, ನಮ್ಮ ಕೈಯಾಗ ಏನಿಲ್ಲ.”

ಒಟ್ಟು 548 ರೂಪಾಯಿ 70 ಪೈಸೆ. ಇಷ್ಟು ರೊಕ್ಕಕ್ಕೆ ಯಾರು ಕೋರ್ಟಿಗೆ ಹೋಗುತ್ತಾರೆ ಎಂದು ಓದುಗರು ಕೇಳಬಹುದು, ಮತ್ತು ಆ ಪ್ರಶ್ನೆಯ ಮೇಲೆಯೇ ಇಂಥ ಕಡಿತಗಳು ನಿಂತಿವೆ. ಆದರೆ ಗ್ರಾಹಕ ಆಯೋಗದಲ್ಲಿ ಈ ಮೊತ್ತದ ದೂರಿಗೆ ಶುಲ್ಕವೇ ಇಲ್ಲ, ವಕೀಲರು ಕಡ್ಡಾಯವಲ್ಲ, ದೂರನ್ನು ಸ್ವಂತ ಜಿಲ್ಲೆಯಲ್ಲೇ ಕೊಡಬಹುದು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಉಳಿತಾಯ ಖಾತೆದಾರರನ್ನು ಮನಸ್ಸಿನಲ್ಲಿಟ್ಟುಕೊಂಡು, ಆ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ವಾದ ಯಾವುದೆಂದು ನಿರ್ಧರಿಸಿ

ಕಾಗದ ಕೂಡಿಸುವುದಕ್ಕೂ ಮೊದಲು ಒಂದು ಮಾತು ಸ್ಪಷ್ಟವಾಗಬೇಕು. “ಬ್ಯಾಂಕು ಹೆಚ್ಚು ಶುಲ್ಕ ಹಾಕಿದೆ” ಎನ್ನುವುದು ದುರ್ಬಲ ವಾದ. “ಬ್ಯಾಂಕು ಪಾಲಿಸಬೇಕಾದ ನಿಯಮವನ್ನು ಪಾಲಿಸದೆ ಶುಲ್ಕ ಹಾಕಿದೆ” ಎನ್ನುವುದು ಗಟ್ಟಿ ವಾದ. ಕೋಪ ಬಂದಾಗ ಎಲ್ಲರೂ ಮೊದಲನೆಯದನ್ನೇ ಬರೆಯುತ್ತಾರೆ, ಮತ್ತು ಅಲ್ಲಿಯೇ ಎಡವುತ್ತಾರೆ.

ಇದಕ್ಕೆ ದೊಡ್ಡ ಉದಾಹರಣೆ ನಮ್ಮ ಸುಪ್ರೀಂ ಕೋರ್ಟಿನದ್ದೇ ಇದೆ. ಕ್ರೆಡಿಟ್ ಕಾರ್ಡ್ ಬಾಕಿಯ ಮೇಲೆ ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ಆದೇಶಿಸಿತ್ತು. ಹದಿನಾರು ವರ್ಷಗಳ ನಂತರ, 2024ರ ಡಿಸೆಂಬರ್ 20ರಂದು, ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಪಡಿಸಿ, ಬಡ್ಡಿದರಕ್ಕೆ ಮಿತಿ ಹಾಕುವುದು ಆಯೋಗದ ಕೆಲಸವಲ್ಲ ಎಂದಿತು. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 21ಎ ಕಲಮು ಸಹ, ಬಡ್ಡಿ ವಿಪರೀತವಾಗಿದೆ ಎಂಬ ಕಾರಣಕ್ಕೆ ನ್ಯಾಯಾಲಯವು ಸಾಲದ ಲೆಕ್ಕವನ್ನು ಮತ್ತೆ ತೆರೆಯದಂತೆ ತಡೆಯುತ್ತದೆ. ಬ್ರಿಟನ್ನಿನಲ್ಲಿಯೂ ಸಾವಿರಾರು ಖಾತೆದಾರರು, ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣ ತೆಗೆದದ್ದಕ್ಕೆ ಬೀಳುವ ಓವರ್‌ಡ್ರಾಫ್ಟ್ ದಂಡಗಳ ವಿರುದ್ಧ ನ್ಯಾಯಾಲಯದ ಬಾಗಿಲು ತಟ್ಟಿದ್ದರು. 2009ರ ನವೆಂಬರ್ 25ರಂದು ಅಲ್ಲಿನ ಸುಪ್ರೀಂ ಕೋರ್ಟು, ಆ ಶುಲ್ಕಗಳು ಬ್ಯಾಂಕಿನ ಸೇವೆಗೆ ಗ್ರಾಹಕರು ಕೊಡುವ ಬೆಲೆಯ ಭಾಗವೇ ಆಗಿರುವುದರಿಂದ ಬೆಲೆಯ ಮಟ್ಟ ನ್ಯಾಯವೇ ಎಂದು ಆ ಕಾನೂನಿನಡಿ ಅಳೆಯಲು ಬರುವುದಿಲ್ಲ ಎಂದು ಬ್ಯಾಂಕುಗಳ ಪರವಾಗಿ ತೀರ್ಪಿತ್ತಿತು. ಎರಡೂ ಕಡೆ ಸೋತದ್ದು ಬೆಲೆಯ ಮೇಲಿನ ವಾದ. ಆದ್ದರಿಂದ ನಾವು ಬೆಲೆಯ ತಂಟೆಗೆ ಹೋಗದೆ ಸೂಚನೆ, ಒಪ್ಪಿಗೆ, ಲೆಕ್ಕ ಈ ಮೂರನ್ನು ಹಿಡಿಯಬೇಕು.

ಯಾವ ಕಡಿತ, ಯಾವ ನಿಯಮ

ಕನಿಷ್ಠ ಶಿಲ್ಕಿನ ದಂಡದ ಬಗ್ಗೆ ರಿಸರ್ವ್ ಬ್ಯಾಂಕು 2014ರ ನವೆಂಬರ್ 20ರಂದು ಸುತ್ತೋಲೆ ಹೊರಡಿಸಿ, 2015ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಅದರ ಸಾರವನ್ನು ನಿಧಾನವಾಗಿ ಓದಬೇಕು, ಏಕೆಂದರೆ ನಮ್ಮ ಭಾಗದ ಬಹುಪಾಲು ದೂರುಗಳು ಇದರೊಳಗೇ ಬರುತ್ತವೆ. ಶಿಲ್ಕು ಕಡಿಮೆಯಾದಾಗ ಬ್ಯಾಂಕು ಮೊದಲು ಎಸ್‌ಎಂಎಸ್, ಇ-ಮೇಲ್ ಅಥವಾ ಪತ್ರದ ಮೂಲಕ ಗ್ರಾಹಕರಿಗೆ ತಿಳಿಸಬೇಕು. ಹಾಗೆ ತಿಳಿಸಿದ ದಿನದಿಂದ ಕನಿಷ್ಠ ಒಂದು ತಿಂಗಳ ಅವಕಾಶ ಕೊಟ್ಟು, ಆಗಲೂ ಶಿಲ್ಕು ಸರಿಯಾಗದಿದ್ದರೆ ಮಾತ್ರ ದಂಡ ಹಾಕಬೇಕು. ದಂಡವು ಇರಬೇಕಾದ ಶಿಲ್ಕಿಗೂ ಇದ್ದ ಶಿಲ್ಕಿಗೂ ನಡುವಿನ ಅಂತರದ ಮೇಲೆ ನಿಗದಿತ ಶೇಕಡಾವಾರಿನಲ್ಲಿ ಇರಬೇಕು, ಅದಕ್ಕೆ ಹಂತಗಳ ಪಟ್ಟಿ ಇರಬಹುದು, ಆದರೆ ಅದು ಸೇವೆಯ ಸರಾಸರಿ ವೆಚ್ಚಕ್ಕೆ ಹೊಂದದಷ್ಟು ದೊಡ್ಡದಾಗಿರಬಾರದು. ದಂಡ ಹಾಕಿದ ಒಂದೇ ಕಾರಣಕ್ಕೆ ಉಳಿತಾಯ ಖಾತೆಯ ಶಿಲ್ಕು ಋಣಕ್ಕೆ ಇಳಿಯಬಾರದು. ಅತ್ತೆಯ ಪುಟವನ್ನು ಈ ಮಾತುಗಳ ಪಕ್ಕದಲ್ಲಿಟ್ಟು ನೋಡಿದರೆ ತಪ್ಪುಗಳು ತಾವಾಗಿಯೇ ಎದ್ದು ಕಾಣುತ್ತವೆ: 360 ರೂಪಾಯಿ ಕೊರತೆಗೂ 1,700 ರೂಪಾಯಿ ಕೊರತೆಗೂ ಒಂದೇ 150 ರೂಪಾಯಿ ದಂಡ, ಮತ್ತು 90 ರೂಪಾಯಿ ಇದ್ದಲ್ಲಿ 177ರ ಕಡಿತ.

ಎರಡು ವರ್ಷಕ್ಕಿಂತ ಹೆಚ್ಚು ಕಾಲ ವ್ಯವಹಾರವಿಲ್ಲದೆ ನಿಷ್ಕ್ರಿಯವಾದ ಖಾತೆಗೆ ಕನಿಷ್ಠ ಶಿಲ್ಕಿನ ದಂಡ ಹಾಕುವಂತಿಲ್ಲ. ವಿದ್ಯಾರ್ಥಿವೇತನಕ್ಕೆ ಅಥವಾ ಸರ್ಕಾರದ ನೇರ ವರ್ಗಾವಣೆಗೆಂದು ತೆರೆದ ಶೂನ್ಯ ಶಿಲ್ಕಿನ ಖಾತೆಗಳನ್ನು, ಎರಡು ವರ್ಷ ಬಳಸದಿದ್ದರೂ, ನಿಷ್ಕ್ರಿಯವೆಂದು ಗುರುತಿಸಬಾರದೆಂದು 2024ರ ಏಪ್ರಿಲ್ 1ರಿಂದ ನಿಯಮವಿದೆ. ಜನಧನ್ ಸೇರಿದಂತೆ ಮೂಲ ಉಳಿತಾಯ ಖಾತೆಗಳಿಗೆ ಕನಿಷ್ಠ ಶಿಲ್ಕು ಎಂಬುದೇ ಇಲ್ಲ. ಎಸ್‌ಎಂಎಸ್ ಶುಲ್ಕವನ್ನು ನಿಜವಾಗಿ ಕಳುಹಿಸಿದ ಸಂದೇಶಗಳ ಆಧಾರದ ಮೇಲೆ ಹಾಕಬೇಕೆಂದು 2013ರ ನವೆಂಬರ್ 26ರ ಸುತ್ತೋಲೆ ಹೇಳುತ್ತದೆ. ತಿಂಗಳಿಗೆ ಒಂದೂ ಸಂದೇಶ ಬಾರದ ಖಾತೆಯಿಂದ ಮೂರು ತಿಂಗಳಿಗೊಮ್ಮೆ ಗುತ್ತಿಗೆ ಹಿಡಿದಂತೆ 15 ರೂಪಾಯಿ ತೆಗೆಯುವುದನ್ನು ಪ್ರಶ್ನಿಸಬಹುದು. ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಕಡಿತವಾಗಿದ್ದರೆ, ವ್ಯವಹಾರದ ದಿನದ ನಂತರ ಐದು ದಿನದೊಳಗೆ ಅದು ಮರಳಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಸೇರಬೇಕು.

ಸಾಲದ ಖಾತೆಯಲ್ಲಿ ಕಂತು ತಪ್ಪಿದ್ದಕ್ಕೆ ಹಾಕುವ ದಂಡವನ್ನು ಬಡ್ಡಿಯ ರೂಪದಲ್ಲಿ ಸೇರಿಸಬಾರದು, ಅದನ್ನು ಅಸಲಿಗೆ ಕೂಡಿಸಿ ಅದರ ಮೇಲೆ ಮತ್ತೆ ಬಡ್ಡಿ ಎಣಿಸಬಾರದು ಎಂದು 2023ರ ಆಗಸ್ಟ್ 18ರ ಸುತ್ತೋಲೆ ವಿಧಿಸಿತು. ಅದು ಹೊಸ ಸಾಲಗಳಿಗೆ 2024ರ ಏಪ್ರಿಲ್ 1ರಿಂದ ಅನ್ವಯವಾಯಿತು. ಇನ್ನೊಂದು ಬಗೆಯ ಕಡಿತ ಹಳ್ಳಿಯ ಶಾಖೆಗಳಲ್ಲಿ ಬಹಳ: ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ 436 ರೂಪಾಯಿ, ಸುರಕ್ಷಾ ವಿಮೆಯ 20 ರೂಪಾಯಿ. ಯೋಜನೆಗಳು ಒಳ್ಳೆಯವೇ, ಅನೇಕ ಮನೆಗಳಿಗೆ ಆಸರೆಯಾಗಿವೆ. ಆದರೆ ಖಾತೆದಾರರ ಒಪ್ಪಿಗೆಯಿಲ್ಲದೆ ಸೇರಿಸುವಂತಿಲ್ಲ. ಇಲ್ಲಿ ಕೇಳಬೇಕಾದದ್ದು ಒಂದೇ ಕಾಗದ, ಸಹಿ ಮಾಡಿದ ಒಪ್ಪಿಗೆ ಪತ್ರ. ಹಾಗೆಯೇ, ಹಣ ವಾಪಸು ಕೇಳುವ ಅವಸರದಲ್ಲಿ ಬೇಕಾದ ವಿಮೆಯನ್ನೇ ಕಳೆದುಕೊಳ್ಳದಂತೆ ಮನೆಯವರೊಡನೆ ಮೊದಲು ಮಾತನಾಡಿಕೊಳ್ಳಿ.

ಒಂದು ಎಚ್ಚರಿಕೆ. ರಿಸರ್ವ್ ಬ್ಯಾಂಕು ಇಂಥ ಸುತ್ತೋಲೆಗಳನ್ನು ಆಗಾಗ ಹೊಸ ನಿರ್ದೇಶನಗಳೊಳಗೆ ಸೇರಿಸಿ ಮರುಪ್ರಕಟಿಸುತ್ತದೆ. ಕಡಿತವಾದ ದಿನ ಯಾವ ನಿಯಮ ಚಾಲ್ತಿಯಲ್ಲಿತ್ತೋ ಅದನ್ನು ಅದರ ಜಾಲತಾಣದಿಂದ ಮುದ್ರಿಸಿಕೊಂಡು ದೂರಿಗೆ ಲಗತ್ತಿಸಿ. ಸ್ಟೇಟ್ ಬ್ಯಾಂಕು 2020ರಲ್ಲಿ, ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಉಳಿತಾಯ ಖಾತೆಗಳ ಕನಿಷ್ಠ ಶಿಲ್ಕಿನ ದಂಡವನ್ನು ಕೈಬಿಟ್ಟವು. ಹೀಗೆ ಬ್ಯಾಂಕು ಈಗ ದಂಡ ನಿಲ್ಲಿಸಿದೆ ಎಂದ ಮಾತ್ರಕ್ಕೆ ಹಿಂದಿನ ಕಡಿತ ತಾನಾಗಿ ಮರಳುವುದಿಲ್ಲ, ಹಿಂದಿನ ಕಡಿತ ತಪ್ಪೆಂದೂ ಆಗುವುದಿಲ್ಲ.

ಕಾಗದ ಕೂಡಿಸುವುದು

ಖಾತೆಯ ಪೂರ್ತಿ ವಿವರಪಟ್ಟಿಯನ್ನು ಶಾಖೆಯಿಂದ ಸಹಿ-ಮೊಹರಿನೊಂದಿಗೆ ಪಡೆಯಿರಿ. ಬ್ಯಾಂಕರುಗಳ ಪುಸ್ತಕ ಸಾಕ್ಷ್ಯ ಕಾಯ್ದೆ, 1891ರ ಪ್ರಕಾರ ದೃಢೀಕರಿಸಿದ ಪ್ರತಿಗೆ ಸಾಕ್ಷ್ಯದ ಬೆಲೆಯಿದೆ. ಖಾತೆ ತೆರೆದಾಗಿನ ಅರ್ಜಿಯ ಪ್ರತಿ ಮತ್ತು ಆಗಿನ ಶುಲ್ಕಪಟ್ಟಿಯನ್ನು ಲಿಖಿತವಾಗಿ ಕೇಳಿ. ಮೊಬೈಲಿನಲ್ಲಿರುವ ಎಸ್‌ಎಂಎಸ್‌ಗಳನ್ನು ಅಳಿಸಬೇಡಿ. ಅವುಗಳ ಮುದ್ರಿತ ಪ್ರತಿಯನ್ನು ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಕಲಮಿನಡಿಯ ಪ್ರಮಾಣಪತ್ರವನ್ನು ಜೊತೆಗಿಟ್ಟರೆ ಮುಂದೆ ತಕರಾರು ಏಳುವುದಿಲ್ಲ.

ಬ್ಯಾಂಕು ಸರ್ಕಾರಿ ವಲಯದ್ದಾಗಿದ್ದರೆ ಅಥವಾ ಗ್ರಾಮೀಣ ಬ್ಯಾಂಕಾಗಿದ್ದರೆ ಇನ್ನೊಂದು ಒಳ್ಳೆಯ ಉಪಾಯವಿದೆ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ, ತಮ್ಮದೇ ಖಾತೆಯ ಬಗ್ಗೆ ಮೂರು ಪ್ರಶ್ನೆ ಕೇಳಬಹುದು: ಶಿಲ್ಕು ಕಡಿಮೆಯಾಗಿದೆಯೆಂಬ ಸೂಚನೆಯನ್ನು ಯಾವ ದಿನಾಂಕದಂದು, ಯಾವ ಮೊಬೈಲ್ ಸಂಖ್ಯೆಗೆ ಅಥವಾ ವಿಳಾಸಕ್ಕೆ ಕಳುಹಿಸಲಾಯಿತು, ದಂಡವನ್ನು ಯಾವ ಪಟ್ಟಿಯ ಯಾವ ಹಂತದ ಪ್ರಕಾರ ಎಣಿಸಲಾಯಿತು, ಆ ಪಟ್ಟಿಗೆ ಮಂಜೂರಾತಿ ಕೊಟ್ಟ ಆದೇಶದ ಪ್ರತಿ. ಅತ್ತೆಯ ಪ್ರಕರಣವನ್ನು ತಿರುಗಿಸಿದ್ದು ಇದೇ ಅರ್ಜಿ. ಮೂವತ್ತು ದಿನದೊಳಗೆ ಬಂದ ಉತ್ತರದಲ್ಲಿ, ಸೂಚನೆಯ ಎಸ್‌ಎಂಎಸ್ ಹೋದ ದಿನಾಂಕವೂ ಹಣ ಕಡಿತವಾದ ದಿನಾಂಕವೂ ಒಂದೇ ಆಗಿತ್ತು. ಒಂದು ತಿಂಗಳ ಅವಕಾಶ ಕೊಟ್ಟಿಲ್ಲವೆಂದು ಬ್ಯಾಂಕೇ ಬರೆದುಕೊಟ್ಟಂತಾಯಿತು. ಖಾಸಗಿ ಬ್ಯಾಂಕುಗಳಿಗೆ ಈ ಕಾಯ್ದೆ ತಟ್ಟುವುದಿಲ್ಲವಾದ್ದರಿಂದ, ಅಲ್ಲಿ ಇದೇ ಪ್ರಶ್ನೆಗಳನ್ನು ದೂರಿನ ಪತ್ರದಲ್ಲಿ ಕೇಳಿ. ಉತ್ತರ ಕೊಡದಿದ್ದರೆ ಆ ಮೌನವನ್ನೇ ಆಯೋಗದ ಮುಂದೆ ಹೇಳಿ.

ಬ್ಯಾಂಕಿಗೆ ಪತ್ರ, ನಂತರ ಒಂಬುಡ್ಸ್‌ಮನ್

ಶಾಖೆಯ ವ್ಯವಸ್ಥಾಪಕರಿಗೆ ಬರೆಯುವ ಪತ್ರ ಒಂದು ಪುಟ ಮೀರಬಾರದು, ಕನ್ನಡದಲ್ಲೇ ಇರಲಿ. ಕಡಿತದ ದಿನಾಂಕ, ಮೊತ್ತ, ಮುರಿದ ನಿಯಮ, ಬೇಡಿಕೆ ಇವು ನಾಲ್ಕು ಸಾಕು. ಅತ್ತೆಯ ಪರವಾಗಿ ನಾನು ಬರೆದ ಪತ್ರದ ಮುಖ್ಯ ಭಾಗ ಹೀಗಿತ್ತು: “ದಂಡ ವಿಧಿಸುವ ಮೊದಲು ಒಂದು ತಿಂಗಳ ಸೂಚನೆಯನ್ನು ನನಗೆ ಕೊಟ್ಟಿರುವುದಿಲ್ಲ. ದಂಡದಿಂದಾಗಿ ನನ್ನ ಖಾತೆಯ ಶಿಲ್ಕು 87 ರೂಪಾಯಿ ಋಣವಾಗಿರುತ್ತದೆ. ಆದಕಾರಣ ಸದರಿ ಮೊತ್ತವನ್ನು ಕಡಿತದ ದಿನಾಂಕದಿಂದ ಬಡ್ಡಿಸಹಿತ ನನ್ನ ಖಾತೆಗೆ ಮರಳಿ ಜಮೆ ಮಾಡಬೇಕು.” ಕಚೇರಿ ಕನ್ನಡ ಎಂದು ನಗಬಹುದು, ಆದರೆ ಕಚೇರಿಗಳು ಉತ್ತರಿಸುವುದು ಅದಕ್ಕೇ. ಪತ್ರವನ್ನು ಕೈಯಲ್ಲಿ ಕೊಟ್ಟರೆ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ; ಅಂಚೆಯಲ್ಲಾದರೆ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್ ಮಾಡಿ. ಬ್ಯಾಂಕಿನ ಜಾಲತಾಣದಲ್ಲಿಯೂ ದೂರು ದಾಖಲಿಸಿ ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿಯಾದ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ತಡಮಾಡದೆ ದೂರು ಕೊಡಬಹುದು. 2021ರ ನವೆಂಬರ್‌ನಿಂದ ಇದು ಇಡೀ ದೇಶಕ್ಕೆ ಒಂದೇ ಕಿಂಡಿಯ ವ್ಯವಸ್ಥೆ. ಖರ್ಚಿಲ್ಲ, ಆನ್‌ಲೈನಿನಲ್ಲಿ ಮುಗಿಯುತ್ತದೆ, ಮಾಹಿತಿಗೆ 14448 ಸಂಖ್ಯೆಯಿದೆ. ನೆನಪಿಡಬೇಕಾದ ಕ್ರಮ ಇಷ್ಟೇ: ಒಂಬುಡ್ಸ್‌ಮನ್ ಬಳಿ ಹೋಗಿ ಸೋತ ಮೇಲೆ ಗ್ರಾಹಕ ಆಯೋಗಕ್ಕೆ ಹೋಗಲು ಅಡ್ಡಿಯಿಲ್ಲ, ಆದರೆ ಆಯೋಗದಲ್ಲಿ ದೂರು ನಡೆಯುತ್ತಿರುವಾಗ ಅದೇ ವಿಷಯವನ್ನು ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ. ಒಂಬುಡ್ಸ್‌ಮನ್ ಮೆಟ್ಟಿಲು ಹತ್ತಲೇಬೇಕೆಂಬ ಕಡ್ಡಾಯವೂ ಇಲ್ಲ. ಲೆಕ್ಕದ ತಪ್ಪು ಸ್ಪಷ್ಟವಾಗಿದ್ದರೆ ಅಲ್ಲಿಗೆ ಹೋಗಿ. ಒಪ್ಪಿಗೆ ಕೊಟ್ಟಿದ್ದೆನೋ ಇಲ್ಲವೋ ಎಂಬಂಥ, ಸಾಕ್ಷ್ಯ ತೂಗಬೇಕಾದ ತಕರಾರಿದ್ದರೆ ನೇರವಾಗಿ ಆಯೋಗವೇ ಲೇಸೆಂಬುದು ನನ್ನ ಅಭಿಪ್ರಾಯ.

ಈ ಪತ್ರವ್ಯವಹಾರದಲ್ಲಿ ಕಾಲ ಕಳೆಯುವುದೇ ದೊಡ್ಡ ಅಪಾಯ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 69ನೆಯ ಕಲಮಿನಂತೆ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಬೇಕು, ಮತ್ತು ನೀವು ಮೇಲಿಂದ ಮೇಲೆ ಪತ್ರ ಬರೆದ ಮಾತ್ರಕ್ಕೆ ಆ ಗಡುವು ಬೆಳೆಯುವುದಿಲ್ಲ. ತಡಕ್ಕೆ ತಕ್ಕ ಕಾರಣ ತೋರಿಸಿ ಮನ್ನಾ ಕೇಳಲು ಅವಕಾಶವಿದ್ದರೂ ಅದನ್ನು ನಂಬಿ ಕೂಡಬೇಡಿ. ಪಟ್ಟಿಯಲ್ಲಿ ಮೊದಲ ಕಡಿತದ ದಿನಾಂಕಕ್ಕೆ ಕೆಂಪು ಗುರುತು ಹಾಕಿ, ಅಲ್ಲಿಂದ ಎರಡು ವರ್ಷ ಎಣಿಸಿಕೊಳ್ಳಿ.

ನೀವು ಗ್ರಾಹಕರೇ, ಎದುರುದಾರರು ಯಾರು

ಉಳಿತಾಯ ಖಾತೆ, ಸಂಬಳದ ಖಾತೆ, ಪಿಂಚಣಿ ಖಾತೆ, ಮನೆ ಸಾಲ ಇವುಗಳಲ್ಲಿ ತೊಡಕಿಲ್ಲ. ತೊಡಕು ಬರುವುದು ವ್ಯಾಪಾರದ ಚಾಲ್ತಿ ಖಾತೆಯಲ್ಲಿ. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರನ್ನು ಕಾಯ್ದೆ ಗ್ರಾಹಕರೆಂದು ಒಪ್ಪುವುದಿಲ್ಲ. ಷೇರು ದಲ್ಲಾಳಿಯೊಬ್ಬರು ತಮ್ಮ ಓವರ್‌ಡ್ರಾಫ್ಟ್ ಖಾತೆಯ ಬಗ್ಗೆ ಕೊಟ್ಟ ದೂರನ್ನು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇದೇ ಕಾರಣಕ್ಕೆ ತಳ್ಳಿಹಾಕಿತು. ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಚಾಲ್ತಿ ಖಾತೆಗೆ ಬಿದ್ದ ಶುಲ್ಕಕ್ಕೆ ಆಯೋಗದ ದಾರಿ ಬಹುತೇಕ ಮುಚ್ಚಿದಂತೆಯೇ. ಅಂಥವರಿಗೆ ಒಂಬುಡ್ಸ್‌ಮನ್, ಇಲ್ಲವೇ ಮೂರು ವರ್ಷದ ಕಾಲಮಿತಿಯುಳ್ಳ ಸಿವಿಲ್ ದಾವೆ ಉಳಿಯುತ್ತದೆ. ಧಾರವಾಡದಲ್ಲಿ ಹೈಕೋರ್ಟಿನ ಪೀಠವಿರುವುದರಿಂದ ರಿಟ್ ಅರ್ಜಿಯ ಮಾತನ್ನೂ ಕೆಲವರು ಎತ್ತುತ್ತಾರೆ. ಖಾಸಗಿ ಬ್ಯಾಂಕಿನ ವಿರುದ್ಧ ಸಾಮಾನ್ಯವಾಗಿ ರಿಟ್ ನಿಲ್ಲುವುದಿಲ್ಲ, ಸರ್ಕಾರಿ ಬ್ಯಾಂಕಿನ ವಿರುದ್ಧ ನಿಂತರೂ 548 ರೂಪಾಯಿಗೆ ಅದು ನೊಣಕ್ಕೆ ಕೊಡಲಿ ಎತ್ತಿದಂತೆ.

ಸಹಕಾರಿ ಸಂಸ್ಥೆಗಳದ್ದು ಬೇರೆ ಲೆಕ್ಕ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಕೃಷಿ ಸಹಕಾರ ಸಂಘ ಹುಟ್ಟಿದ ನಾಡಿದು; ಪತ್ತಿನ ಸಂಘಗಳಿಲ್ಲದ ಓಣಿ ನಮ್ಮಲ್ಲಿ ಕಡಿಮೆ. ಸಂಘದ ಸದಸ್ಯರ ವ್ಯಾಜ್ಯ ಸಹಕಾರ ಕಾಯ್ದೆಯಡಿಯೇ ಹೋಗಬೇಕು, ಗ್ರಾಹಕ ಆಯೋಗಕ್ಕೆ ಅಧಿಕಾರವಿಲ್ಲ ಎಂದು ಅವರ ವಕೀಲರು ವಾದಿಸುವುದು ವಾಡಿಕೆ. ಸಹಕಾರ ಕಾಯ್ದೆಯ ದಾರಿ ಇದ್ದ ಮಾತ್ರಕ್ಕೆ ಗ್ರಾಹಕ ವೇದಿಕೆಯ ದಾರಿ ಮುಚ್ಚುವುದಿಲ್ಲವೆಂದು ಸುಪ್ರೀಂ ಕೋರ್ಟು 2003ರ ಡಿಸೆಂಬರಿನಲ್ಲಿ, ತಮಿಳುನಾಡಿನ ಒಂದು ಕೃಷಿ ಪತ್ತಿನ ಸಂಘದ ಪ್ರಕರಣದಲ್ಲಿ, ಹೇಳಿದೆ. ಆದರೆ ರಿಸರ್ವ್ ಬ್ಯಾಂಕಿನ ಸುತ್ತೋಲೆಗಳು ಅದರ ಪರವಾನಗಿಯಿರುವ ಬ್ಯಾಂಕುಗಳಿಗೆ ಮಾತ್ರ; ಪತ್ತಿನ ಸಂಘದ ವಿರುದ್ಧ ಅದರ ಉಪವಿಧಿ ಮತ್ತು ಠರಾವುಗಳನ್ನೇ ಹಿಡಿಯಬೇಕು.

ಎದುರುದಾರರ ಹೆಸರು ತಪ್ಪಿದರೆ ನೋಟಿಸು ಊರು ಸುತ್ತುತ್ತದೆ. ಧಾರವಾಡದಲ್ಲಿ ಪ್ರಧಾನ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದೆ; ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾದಲ್ಲಿ ವಿಲೀನವಾಯಿತು. ಪಾಸ್‌ಬುಕ್ಕಿನ ಮೇಲೆ ಹಳೆಯ ಹೆಸರೇ ಇದ್ದರೂ ದೂರಿನಲ್ಲಿ ಈಗಿನ ಬ್ಯಾಂಕಿನ ಹೆಸರು ಬರೆದು, ಹಿಂದಿನ ಹೆಸರನ್ನು ಪಕ್ಕದಲ್ಲಿ ನಮೂದಿಸಿ. ಒಂದನೆಯ ಎದುರುದಾರರಾಗಿ ಶಾಖಾ ವ್ಯವಸ್ಥಾಪಕರು, ಎರಡನೆಯವರಾಗಿ ಪ್ರಾದೇಶಿಕ ಅಥವಾ ಪ್ರಧಾನ ಕಚೇರಿ ಇದ್ದರೆ ಸಾಕು.

ದೂರು ಬರೆದು ಸಲ್ಲಿಸುವುದು

ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಿಗೆ ಪ್ರತ್ಯೇಕ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಗಳಿವೆ. ಹುಬ್ಬಳ್ಳಿಯವರಿಗೂ ಧಾರವಾಡದ ಆಯೋಗವೇ, ಚಿಗರಿ ಬಸ್ಸಿನ ಖರ್ಚು ಮಾತ್ರ. ಹೊಸ ಕಾಯ್ದೆಯ ಅತ್ಯಂತ ದೊಡ್ಡ ಅನುಕೂಲವೆಂದರೆ ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ರಾಣೇಬೆನ್ನೂರಿನ ಹುಡುಗನೊಬ್ಬ ಬೆಂಗಳೂರಿನಲ್ಲಿ ಸಂಬಳದ ಖಾತೆ ತೆಗೆದು, ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಅದೇ ಖಾತೆಗೆ ದಂಡ ಬಿದ್ದರೆ, ಹಾವೇರಿಯಲ್ಲೇ ದೂರು ನಡೆಸಬಹುದು. ಸೇವೆಗೆ ಕೊಟ್ಟ ಪ್ರತಿಫಲ (ಹಣ) 50 ಲಕ್ಷ ರೂಪಾಯಿವರೆಗಿನ ದೂರುಗಳು ಜಿಲ್ಲಾ ಆಯೋಗಕ್ಕೆ ಬರುತ್ತವೆ, 5 ಲಕ್ಷದವರೆಗೆ ಶುಲ್ಕವಿಲ್ಲ. 2025ರ ಜನವರಿ 1ರಂದು ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಆದರೂ ಒಮ್ಮೆ ಆಯೋಗದ ಕಚೇರಿಗೆ ಹೋಗಿ, ಎಷ್ಟು ಮುದ್ರಿತ ಪ್ರತಿ ಬೇಕು, ಯಾವ ಅಳತೆಯ ಹಾಳೆ, ಪುಟಸಂಖ್ಯೆ ಹೇಗೆ ಎಂದು ಕೇಳಿಕೊಂಡು ಬಂದರೆ ಎರಡು ಓಡಾಟ ಉಳಿಯುತ್ತದೆ.

ದೂರಿನಲ್ಲಿ ಪಕ್ಷಕಾರರ ವಿವರ, ಖಾತೆಯ ಇತಿಹಾಸ, ದಿನಾಂಕವಾರು ಕಡಿತಗಳು, ಮುರಿದ ನಿಯಮಗಳು, ಬ್ಯಾಂಕಿಗೆ ಬರೆದ ಪತ್ರಗಳು, ಕಾಲಮಿತಿಯೊಳಗಿದೆ ಎಂಬ ಮಾತು, ಆಯೋಗಕ್ಕೆ ಅಧಿಕಾರವಿದೆ ಎಂಬ ಮಾತು, ಕೊನೆಗೆ ಪ್ರಾರ್ಥನೆ ಇವು ಕ್ರಮವಾಗಿ ಬರಲಿ. ಎಲ್ಲವೂ ನಿಜವೆಂದು ಅಫಿಡವಿಟ್ ಜೊತೆಗಿರಬೇಕು. ಇಲ್ಲಿ ಪದಗಳ ಆಯ್ಕೆಯಲ್ಲಿ ಒಂದು ಸೂಕ್ಷ್ಮವಿದೆ: ಬ್ಯಾಂಕಿನ ಷರತ್ತು ಇಡಿಯಾಗಿ “ಅನ್ಯಾಯದ ಕರಾರು” ಎಂದು ಘೋಷಿಸಬೇಕೆಂಬ ದೂರನ್ನು ಕೇಳುವ ಅಧಿಕಾರ ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗಿದೆ, ಜಿಲ್ಲಾ ಆಯೋಗಕ್ಕಿಲ್ಲ. ಹೀಗಾಗಿ ಜಿಲ್ಲೆಯಲ್ಲಿ ಕೊಡುವ ದೂರನ್ನು “ಸೇವಾ ನ್ಯೂನತೆ” ಮತ್ತು “ಅನುಚಿತ ವ್ಯಾಪಾರ ಪದ್ಧತಿ” ಎಂಬ ಎರಡು ತಲೆಬರಹಗಳಡಿಯೇ ಬರೆಯಿರಿ.

ಪ್ರಾರ್ಥನೆಯಲ್ಲಿ ಕಡಿತದ ಮೊತ್ತ, ಬಡ್ಡಿ, ಮಾನಸಿಕ ಯಾತನೆಗೆ ಪರಿಹಾರ, ದೂರಿನ ಖರ್ಚು ಕೇಳುವುದು ರೂಢಿ. 548 ರೂಪಾಯಿಗೆ ಐದು ಲಕ್ಷದ ಯಾತನೆ ಕೇಳಿದರೆ ಕೇಳಿದವರ ಮಾತಿನ ತೂಕವೇ ಇಳಿಯುತ್ತದೆ. ಅತ್ತೆಯ ದೂರಿನಲ್ಲಿ ನಾವು ಪರಿಹಾರಕ್ಕೆ 5,000, ಖರ್ಚಿಗೆ 3,000 ಕೇಳಿದೆವು. ವಕೀಲರು ಬೇಕೆನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100.

ವಿಚಾರಣೆಯ ದಿನಗಳು

ದೂರು ಅಂಗೀಕಾರಯೋಗ್ಯವೇ ಎಂಬುದನ್ನು ಸಾಮಾನ್ಯವಾಗಿ 21 ದಿನದೊಳಗೆ ತೀರ್ಮಾನಿಸಬೇಕು. ನೋಟಿಸು ತಲುಪಿದ ಮೇಲೆ ಬ್ಯಾಂಕಿಗೆ ತಕರಾರು ಸಲ್ಲಿಸಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಆ 45 ದಿನದ ಆಚೆಗೆ ಅವಧಿ ಬೆಳೆಸುವ ಅಧಿಕಾರ ಆಯೋಗಕ್ಕೆ ಇಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್ 4ರಂದು ಹೇಳಿದೆ. ನೋಟಿಸು ಜಾರಿಯಾದ ದಿನಾಂಕವನ್ನು ಬರೆದಿಟ್ಟುಕೊಂಡು 46ನೆಯ ದಿನದ ನಂತರದ ತಾರೀಖಿಗೆ ಈ ಮಾತನ್ನು ವಿನಯದಿಂದ ಎತ್ತಿ. ಕಾಯ್ದೆಯ ಆಶಯ ಮೂರು ತಿಂಗಳಲ್ಲಿ ಮುಗಿಯಬೇಕೆಂಬುದು. ತಾರೀಖುಗಳ ಗತಿ ಬಲ್ಲವರಿಗೆ ಅದನ್ನು ವಿವರಿಸಬೇಕಿಲ್ಲ. ವಿಚಾರಣೆ ಬಹುಮಟ್ಟಿಗೆ ಅಫಿಡವಿಟ್ ಮತ್ತು ದಾಖಲೆಗಳ ಮೇಲೆಯೇ ನಡೆಯುತ್ತದೆ, ಅರ್ಜಿ ಕೊಟ್ಟರೆ ವಿಡಿಯೋ ಮೂಲಕವೂ ಹಾಜರಾಗಬಹುದು.

ಬ್ಯಾಂಕಿನ ವಕೀಲರು ಸಾಮಾನ್ಯವಾಗಿ ಹೇಳುವುದು ಎರಡು ಮಾತು. ಖಾತೆ ತೆರೆದಾಗ ಷರತ್ತುಗಳಿಗೆ ಸಹಿ ಮಾಡಿದ್ದಾರೆ ಎಂಬುದು ಒಂದು. ಅದಕ್ಕೆ ಉತ್ತರ, ಸಹಿ ಮಾಡಿದ್ದು ಶುಲ್ಕಕ್ಕೆ, ರಿಸರ್ವ್ ಬ್ಯಾಂಕಿನ ನಿಯಮ ಮುರಿಯುವುದಕ್ಕೆ ಅಲ್ಲ. ಶುಲ್ಕಪಟ್ಟಿ ಜಾಲತಾಣದಲ್ಲಿದೆ, ಎಲ್ಲರಿಗೂ ತಿಳಿದದ್ದೇ ಎಂಬುದು ಇನ್ನೊಂದು. ನಿಯಮವು ಕೇಳುವುದು ಆ ಖಾತೆದಾರರಿಗೆ, ಆ ಕೊರತೆಯ ಬಗ್ಗೆ, ಕಡಿತಕ್ಕೆ ಒಂದು ತಿಂಗಳು ಮೊದಲು ಕೊಟ್ಟ ಸೂಚನೆಯನ್ನು. ಅದನ್ನು ಕಳುಹಿಸಿದ ದಾಖಲೆ ಬ್ಯಾಂಕಿನ ಬಳಿಯೇ ಇರಬೇಕಾದದ್ದು, ಅದನ್ನು ಹಾಜರುಪಡಿಸಲು ನಿರ್ದೇಶಿಸಬೇಕೆಂದು ಒಂದು ಸಾಲಿನ ಅರ್ಜಿ ಕೊಡಿ. ಇದಕ್ಕಿಂತ ಹೆಚ್ಚು ಮಾತು ಬೇಡ.

ಸಣ್ಣ ಮೊತ್ತದ ದೂರುಗಳಲ್ಲಿ ರಾಜಿಯ ಮಾತು ಬೇಗ ಬರುತ್ತದೆ. ಅತ್ತೆಯ ಪ್ರಕರಣದಲ್ಲಿ ಎರಡನೆಯ ತಾರೀಖಿಗೇ, ಕಾರಿಡಾರಿನ ಬೆಂಚಿನ ಮೇಲೆ, ಕಡಿತದ ಹಣ ಮರಳಿಸುತ್ತೇವೆ, ದೂರು ಹಿಂತೆಗೆದುಕೊಳ್ಳಿ ಎಂದರು. ಹಣ ಮೊದಲು, ಹಿಂತೆಗೆತ ನಂತರ ಎಂಬುದನ್ನು ಬಿಟ್ಟುಕೊಡಬೇಡಿ; ಬಾಯಿಮಾತಿಗೆ ಒಪ್ಪದೆ ಜಂಟಿ ಮೆಮೋ ಬರೆದು, ಮೊತ್ತ, ಖರ್ಚು, ಜಮೆಯ ಗಡುವು ಮೂರನ್ನೂ ಅದರಲ್ಲಿ ಕಾಣಿಸಿ, ಆಯೋಗದ ಆದೇಶದಲ್ಲಿ ದಾಖಲಿಸಿ. ಹಾಗೆ ದಾಖಲಾದ ರಾಜಿಯನ್ನು ಮಾತ್ರ ಮುಂದೆ ಅಮಲ್ಜಾರಿ ಮಾಡಿಸಲು ಬರುತ್ತದೆ. ನಮ್ಮ ಮೆಮೋದಲ್ಲಿ 548 ರೂಪಾಯಿ 70 ಪೈಸೆ ಮತ್ತು ಖರ್ಚಿಗೆ 3,000 ರೂಪಾಯಿ ನಮೂದಾಯಿತು. ಯಾತನೆಯ ಪರಿಹಾರವನ್ನು ಅತ್ತೆಯೇ ಬೇಡವೆಂದರು.

ಆದೇಶ ಬಂದ ಮೇಲೆ

ಆದೇಶದ ದೃಢೀಕೃತ ಪ್ರತಿ ಪಡೆದು ಬ್ಯಾಂಕಿಗೆ ಕಳುಹಿಸಿ. ಒಪ್ಪದವರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಬ್ಯಾಂಕು ಹೋಗಬೇಕಾದರೆ ಆದೇಶದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಗಡುವು ಮುಗಿದರೂ ಹಣ ಬಾರದಿದ್ದರೆ ಅದೇ ಆಯೋಗದಲ್ಲಿ ಅಮಲ್ಜಾರಿ ಅರ್ಜಿ ಹಾಕಿ: 71ನೆಯ ಕಲಮಿನಡಿ ಆದೇಶವನ್ನು ಸಿವಿಲ್ ಡಿಕ್ರಿಯಂತೆ ವಸೂಲು ಮಾಡಿಸಬಹುದು, 72ರಡಿ ಆದೇಶ ಪಾಲಿಸದವರಿಗೆ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದೆ ಒಂದು ಲಕ್ಷದವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. 72ರ ಅರ್ಜಿಯ ನೋಟಿಸು ತಲುಪಿದ ಮೇಲೆ ಹಣ ತಡವಾಗುವುದು ಅಪರೂಪ.

ಜಮೆಯಾಯಿತೆಂಬ ಸಂದೇಶ ಬಂದ ಕೂಡಲೇ ನಿಶ್ಚಿಂತರಾಗದೆ ಪಾಸ್‌ಬುಕ್ಕನ್ನು ಮತ್ತೊಮ್ಮೆ ಮುದ್ರಿಸಿಕೊಂಡು, ಮರಳಿದ ಹಣದಿಂದಲೇ ಹಳೆಯ ಬಾಕಿಯ ಹೆಸರಿನಲ್ಲಿ ಏನಾದರೂ ಕಡಿತವಾಗಿದೆಯೇ ನೋಡಿ. ಅತ್ತೆಯ ಖಾತೆಗೆ ಹಣ ಬಂದ ಮರುದಿನವೇ ಎಸ್‌ಎಂಎಸ್ ಶುಲ್ಕವೆಂದು 17 ರೂಪಾಯಿ 70 ಪೈಸೆ ಮತ್ತೆ ಹೋಗಿತ್ತು. ಮೆಮೋದ ಪ್ರತಿ ಹಿಡಿದು ಶಾಖೆಗೆ ಹೋದಾಗ ಕೌಂಟರಿನಲ್ಲಿದ್ದವರು ಸಿಸ್ಟಮ್ ಎಂಬ ಮಾತನ್ನು ಈ ಸಲ ಎತ್ತಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಅದು ಖಾತೆಗೆ ಮರಳಿತ್ತು.